ಮೇಲೆ ಲಾಂಗ್‌ಟಾಂಗ್, ಕೆಳಗೆ ಕಠ್ಮಂಡು

ಜನಜಂಗುಳಿ ಇಳಿದ ಮೇಲೆ, ಮೈ ಕೊರೆಯುವ ಚಳಿಯಲ್ಲಿ ಹಿಮಾಲಯದ ಒಂದು ಕಣಿವೆ. ಬೆಟ್ಟದ ನೀರು, ದುಡಿಮೆ, ಮಕ್ಕಳು ಎಲ್ಲವೂ ಇಳಿದು ಸೇರುವ ಒಂದು ಗಿಜಿಗುಡುವ ನಗರ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದರೆ ನೇಪಾಳ ಅರ್ಧವೇ ಕಂಡಂತೆ.

ನೇಪಾಳದಲ್ಲಿ ಚಾರಣ ಮಾಡಲು ಯಾವ ತಿಂಗಳು ಒಳ್ಳೆಯದು ಎಂದು ಹೋಗಿ ಬಂದವರನ್ನು ಕೇಳಿ. ಅಕ್ಟೋಬರ್ ಎನ್ನುತ್ತಾರೆ, ಅದು ತಪ್ಪಿದರೆ ಏಪ್ರಿಲ್. ಜನವರಿ ಹೇಗೆ ಎಂದರೆ ‘ಅಯ್ಯೋ, ಆ ಚಳಿಯಲ್ಲೇ?’ ಎಂದು ಹುಬ್ಬೇರಿಸುತ್ತಾರೆ. ಎಲ್ಲರೂ ಹೀಗೆ ಹುಬ್ಬೇರಿಸುವುದರಿಂದಲೇ ಜನವರಿಯಲ್ಲಿ ಬೆಟ್ಟದ ಹಾದಿಗಳು ಖಾಲಿ ಬಿದ್ದಿರುತ್ತವೆ. ಅಕ್ಟೋಬರಿನಲ್ಲಿ ಊಟದ ಕೋಣೆಯ ಬೆಂಚಿನ ಮೇಲೂ ಮಲಗಲು ಜಾಗ ಸಿಗದ ಲಾಡ್ಜ್‌ನಲ್ಲಿ ಈಗ ಬೇಕಾದ ಕೋಣೆ ಆರಿಸಿಕೊಳ್ಳಬಹುದು. ಮಾಲೀಕರಿಗೂ ಒಲೆಯ ಮುಂದೆ ಕೂತು ನಿಮ್ಮೊಂದಿಗೆ ಹರಟಲು ಪುರುಸೊತ್ತಿರುತ್ತದೆ. ಮಳೆಗಾಲ ಮುಗಿದು ತಿಂಗಳುಗಳಾಗಿ ಗಾಳಿ ಒಣಗಿರುತ್ತದೆ. ಹಿಮ ಸುರಿಯದ ದಿನಗಳಲ್ಲಿ ಬೆಳಗ್ಗೆ ಏಳಕ್ಕೆ ಕಂಡ ಶಿಖರ ಸಂಜೆ ಐದಕ್ಕೂ ಅಷ್ಟೇ ಸ್ಪಷ್ಟ.

ನಮ್ಮವರ ನೇಪಾಳ ಪ್ರವಾಸಕ್ಕೆ ಒಂದು ಸಿದ್ಧ ಮಾದರಿಯಿದೆ. ಕಠ್ಮಂಡುವಿನ ಠಮೇಲ್‌ನಲ್ಲಿ ಒಂದು ರಾತ್ರಿ, ಪಶುಪತಿನಾಥನಿಗೆ ಒಂದು ಕೈ ಮುಗಿತ, ಮರುದಿನ ಬೆಟ್ಟ, ಇಳಿದ ಕೂಡಲೇ ವಿಮಾನ. ನಗರ ಬರೀ ಬಸ್ಸು ಬದಲಿಸುವ ನಿಲ್ದಾಣ. ಹೀಗೆ ಹೋಗಿ ಬಂದವರಿಗೆ ಬೆಟ್ಟವೂ ಪೂರ್ತಿ ಅರ್ಥವಾಗುವುದಿಲ್ಲ. ಬೆಟ್ಟ ಮತ್ತು ನಗರದ ನಡುವಿನ ಕೊಡು-ಕೊಳ್ಳುವಿಕೆ ಎದ್ದು ಕಾಣುವುದು ಚಳಿಗಾಲದಲ್ಲಿ. ಅದನ್ನು ನೋಡಲು ಕಠ್ಮಂಡುವಿಗೆ ಹತ್ತಿರದ ಲಾಂಗ್‌ಟಾಂಗ್ ಕಣಿವೆ ತಕ್ಕ ಜಾಗ.

ನದಿಯ ಜೊತೆ ಏರುತ್ತ

ಕಠ್ಮಂಡುವಿನ ಮಾಛಾಪೋಖರಿಯಿಂದ ಬೆಳಗಿನ ಬಸ್ಸು ಹತ್ತಿದರೆ ತ್ರಿಶೂಲಿ ಬಜಾರ್, ಧುಂಚೆ ದಾಟಿ ಸ್ಯಾಬ್ರುಬೇಸಿ ಮುಟ್ಟಲು ಏಳೆಂಟು ಗಂಟೆ. ದೂರ ನೂರ ಇಪ್ಪತ್ತು ಕಿಲೋಮೀಟರಿನ ಆಸುಪಾಸು ಅಷ್ಟೇ. ಉಳಿದದ್ದೆಲ್ಲ ತಿರುವು, ಧೂಳು, ಕುಸಿದ ಗುಡ್ಡ. ಇದೇ ರಸ್ತೆ ಮುಂದೆ ರಸುವಾಗಢಿಯಲ್ಲಿ ಚೀನಾದ ಗಡಿ ಸೇರುತ್ತದೆ.

ಸ್ಯಾಬ್ರುಬೇಸಿ ಇರುವುದು ಸುಮಾರು 1,500 ಮೀಟರ್ ಎತ್ತರದಲ್ಲಿ. ಅಲ್ಲಿಂದ ನಡಿಗೆ ಲಾಂಗ್‌ಟಾಂಗ್ ಖೋಲಾ ನದಿಯ ದಂಡೆ ಹಿಡಿಯುತ್ತದೆ. ಬಿದಿರು, ಓಕ್, ಮೇಲೇರಿದಂತೆ ರೊಡೊಡೆಂಡ್ರನ್. ಏಪ್ರಿಲ್ಲಿನಲ್ಲಿ ಕೆಂಪಾಗಿ ಅರಳುವ ಆ ಮರಗಳಲ್ಲಿ ಈಗ ಬಿಗಿದ ಮೊಗ್ಗು ಮಾತ್ರ. ಎಲೆಗಳು ಚಳಿಗೆ ಸುರುಳಿ ಸುತ್ತಿಕೊಂಡು ಜೋತುಬಿದ್ದಿರುತ್ತವೆ. ಪ್ರವಾಸಿಗರ ಗದ್ದಲವಿಲ್ಲದ್ದರಿಂದ ಮುಸುವಗಳು ಹಾದಿಯ ಅಂಚಿಗೇ ಬಂದು ಬಿಸಿಲು ಕಾಯಿಸುತ್ತವೆ. 1976ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡಿನಲ್ಲಿ ಕೆಂಪು ಪಾಂಡಾ ಕೂಡ ಇದೆ. ಅದು ಕಂಡರೆ ನಿಮ್ಮ ಅದೃಷ್ಟ.

ಚಳಿಗಾಲದ ಲೆಕ್ಕಾಚಾರವೇ ಬೇರೆ. ಕಣಿವೆ ಆಳವಾದ್ದರಿಂದ ಹಾದಿಗೆ ಬಿಸಿಲು ಬೀಳುವುದೇ ತಡ, ಮರೆಯಾಗುವುದೇ ಬೇಗ. ಬಿಸಿಲಿನಲ್ಲಿ ಒಂದೇ ಅಂಗಿ ಸಾಕು, ನೆರಳಿಗೆ ಸರಿದರೆ ಹಲ್ಲು ಕಟಕಟ. ಬಂಡೆಗಳ ಮೇಲೆ ಜಿನುಗಿದ ನೀರು ರಾತ್ರಿ ಹೆಪ್ಪುಗಟ್ಟಿ ಗಾಜಿನ ಪದರವಾಗುತ್ತದೆ. ಹಿಮಕ್ಕಿಂತ ಹೆಚ್ಚಾಗಿ ಕಾಲು ಜಾರುವುದು ಈ ಪದರದ ಮೇಲೆ. ಬೂಟಿಗೆ ಸಿಕ್ಕಿಸುವ ಮೈಕ್ರೋಸ್ಪೈಕ್ ಚೀಲದಲ್ಲಿ ಇರಲೇಬೇಕು ಎನ್ನುವುದು ಅದಕ್ಕೇ.

ಘೋಡಾ ತಬೇಲದ ಆಚೆ

ಸುಮಾರು 3,000 ಮೀಟರ್ ಎತ್ತರದ ಘೋಡಾ ತಬೇಲದಲ್ಲಿ ಕಾಡು ಮುಗಿದು ಕಣಿವೆ ಅಗಲವಾಗುತ್ತದೆ. ಹಿಂದೆ ಹಿಮನದಿ ಉಜ್ಜಿ ಕೊರೆದ ನೆಲ ಇದು. ಎಡಕ್ಕೆ 7,200 ಮೀಟರ್ ಮೀರಿದ ಲಾಂಗ್‌ಟಾಂಗ್ ಲಿರುಂಗ್‌ನ ಗೋಡೆ. 1949ರಲ್ಲಿ ನೇಪಾಳ ಹೊರಗಿನವರಿಗೆ ಬಾಗಿಲು ತೆರೆಯತೊಡಗಿದಾಗ ಬ್ರಿಟಿಷ್ ಪರ್ವತಾರೋಹಿ ಎಚ್.ಡಬ್ಲ್ಯು. ಟಿಲ್ಮನ್ ಬಂದದ್ದು ಇದೇ ಕಣಿವೆಗೆ.

ಇನ್ನೊಂದಿಷ್ಟು ನಡೆದರೆ ಹಾದಿ ಇದ್ದಕ್ಕಿದ್ದಂತೆ ಕಲ್ಲಿನ ರಾಶಿಯ ಮೇಲೆ ಹಾಯುತ್ತದೆ. ಮರವಿಲ್ಲ, ಮನೆಯಿಲ್ಲ, ಬೂದು ಬಣ್ಣದ ಕಲ್ಲುಪುಡಿ ಮಾತ್ರ. ಇದರ ಕೆಳಗೆ ಹಳೆಯ ಲಾಂಗ್‌ಟಾಂಗ್ ಊರು ಇದೆ.

2015ರ ಏಪ್ರಿಲ್ 25, ಶನಿವಾರ, ಮಧ್ಯಾಹ್ನಕ್ಕೆ ನಾಲ್ಕು ನಿಮಿಷ ಬಾಕಿ. 7.8 ತೀವ್ರತೆಯ ಭೂಕಂಪಕ್ಕೆ ಮೇಲಿನ ಹಿಮ, ಮಂಜುಗಡ್ಡೆ, ಬಂಡೆಗಳೆಲ್ಲ ಒಟ್ಟಿಗೆ ಕಳಚಿ ಊರ ಮೇಲೆ ಬಿದ್ದವು. ಅದರ ಮುಂದೆ ನುಗ್ಗಿದ ಗಾಳಿಯ ಹೊಡೆತಕ್ಕೆ ನದಿಯಾಚೆಯ ಇಳಿಜಾರಿನ ಮರಗಳು ಸಾಲುಸಾಲಾಗಿ ಮಲಗಿದವು. ಊರವರು, ಮಾರ್ಗದರ್ಶಿಗಳು, ವಿದೇಶಿ ಚಾರಣಿಗರು ಸೇರಿ ಮುನ್ನೂರರಷ್ಟು ಜನ ಸತ್ತರೆಂಬುದು ಅಂದಾಜು. ಬಂಡೆಯ ಮಗ್ಗುಲಲ್ಲಿದ್ದ ಒಂದು ಮನೆ ಮಾತ್ರ ನಿಂತುಕೊಂಡಿತು. ಆ ಹಿಂದಿನ ಚಳಿಗಾಲದಲ್ಲಿ ವಾಡಿಕೆಗಿಂತ ಬಹಳ ಹೆಚ್ಚು ಹಿಮ ಸುರಿದಿತ್ತು, ಕುಸಿತ ಅಷ್ಟು ಭೀಕರವಾಗಲು ಅದೂ ಕಾರಣ ಎಂದು ಆಮೇಲೆ ವಿಜ್ಞಾನಿಗಳು ಕಂಡುಕೊಂಡರು.

ಬದುಕುಳಿದವರು ಹೋದದ್ದು ಎಲ್ಲಿಗೆ? ಹೆಲಿಕಾಪ್ಟರಿನಲ್ಲಿ ಕಠ್ಮಂಡುವಿಗೆ. ಸ್ವಯಂಭೂ ಗುಡ್ಡದ ಬಳಿಯ ಹಳದಿ ಗೊಂಪಾ ಎಂಬ ಬೌದ್ಧ ವಿಹಾರದ ಅಂಗಳದಲ್ಲಿ ಟಾರ್ಪಾಲಿನ್ ಕಟ್ಟಿ ಇಡೀ ಊರು ತಿಂಗಳುಗಟ್ಟಲೆ ಅಲ್ಲಿತ್ತು. ಮುಂದೇನು, ಯಾವ ಜಾಗದಲ್ಲಿ ಮತ್ತೆ ಮನೆ ಕಟ್ಟುವುದು ಎಂಬ ಚರ್ಚೆ ನಡೆದದ್ದು ಅಲ್ಲಿ, ಸತ್ತವರ ಕ್ರಿಯಾಕರ್ಮ ನಡೆದದ್ದೂ ಅಲ್ಲಿ. ಇಂದು ಕಲ್ಲಿನ ರಾಶಿಯಿಂದ ಸ್ವಲ್ಪ ಮೇಲೆ ಕಾಣುವ ನೀಲಿ, ಹಸಿರು ತಗಡಿನ ಹೊಸ ಲಾಂಗ್‌ಟಾಂಗ್ ಆ ಅಂಗಳದಿಂದ ಮರಳಿದವರು ಕಟ್ಟಿದ ಊರು. ಸತ್ತವರ ಹೆಸರು ಕೆತ್ತಿದ ಸ್ಮಾರಕ ಹಾದಿಯ ಪಕ್ಕದಲ್ಲಿದೆ. ಮಂತ್ರ ಕೆತ್ತಿದ ಮಣಿ ಗೋಡೆಗಳನ್ನು ಹೇಗೋ ಹಾಗೆಯೇ ಇದನ್ನೂ ಬಲಕ್ಕೆ ಬಿಟ್ಟುಕೊಂಡು ಹೋಗುವುದು ಅಲ್ಲಿನ ರೀತಿ.

ಕ್ಯಾಂಜಿನ್‌ನಲ್ಲಿ ಕುಕ್ಕರ್ ಸೀಟಿ

ಕೊನೆಯ ವಸತಿ ಕ್ಯಾಂಜಿನ್ ಗೊಂಪಾ, 3,870 ಮೀಟರ್. ಇಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿಗಿಂತ ತುಸು ಕಡಿಮೆ. ನೀರು 87 ಡಿಗ್ರಿಯ ಸುಮಾರಿಗೆ ಕುದಿಯುವುದರಿಂದ ಬೇಳೆ ಬೇಗ ಬೇಯುವುದಿಲ್ಲ. ಆದ್ದರಿಂದ ಸಂಜೆ ಆರರ ಹೊತ್ತಿಗೆ ಊರಿನ ಪ್ರತಿ ಅಡುಗೆಮನೆಯಿಂದಲೂ ಪ್ರೆಶರ್ ಕುಕ್ಕರಿನ ಸೀಟಿ ಕೇಳುತ್ತದೆ.

ಚಳಿಗಾಲದಲ್ಲಿ ಲಾಡ್ಜಿನ ಬದುಕೆಲ್ಲ ಊಟದ ಕೋಣೆಯ ನಡುವಿನ ತಗಡಿನ ಒಲೆಯ ಸುತ್ತ. ಕೋಣೆಗಳಿಗೆ ಪ್ಲೈವುಡ್ ಗೋಡೆ, ಅಲ್ಲಿ ಬೆಂಕಿಯಿಲ್ಲ. ಒಲೆಗೆ ಸೌದೆ, ಒಣಗಿದ ಯಾಕ್ ಸೆಗಣಿ. ಅದರ ಕೊಳವೆಗೆ ತಂತಿ ಬಿಗಿದು ಎಲ್ಲರ ಕಾಲುಚೀಲ ನೇತುಹಾಕಿರುತ್ತಾರೆ. ಮೇಲೆ ಸದಾ ಒಂದು ಕರಿ ಹಿಡಿದ ಕೆಟಲ್. ಮನೆಯೊಡತಿ ಒಲೆಗೆ ಬೆನ್ನು ಕೊಟ್ಟು ಕೂತು ಮೊಬೈಲಿನಲ್ಲಿ ಜೋರಾಗಿ ಮಾತಾಡುತ್ತಾಳೆ. ಆ ಕಡೆಯ ದನಿ ಕಠ್ಮಂಡುವಿನ ಬೋರ್ಡಿಂಗ್ ಶಾಲೆಯಲ್ಲಿರುವ ಮಗಳದ್ದು. ಇದು ಒಂದು ಮನೆಯ ಕಥೆಯಲ್ಲ. ಕಣಿವೆಯಲ್ಲಿ ಸಂಪಾದಿಸಿದ ದುಡ್ಡು ನಗರದ ಶಾಲೆ, ಬಾಡಿಗೆಗಳಿಗೆ ಹೋಗುತ್ತದೆ. ಚಳಿ ಬಿಗಿದಾಗ ಮುದುಕರೂ ಕೆಳಗಿಳಿಯುತ್ತಾರೆ. ಲಾಡ್ಜ್ ಕಾಯಲು ಒಬ್ಬಿಬ್ಬರು ಉಳಿಯುತ್ತಾರೆ.

ದಾಲ್-ಭಾತ್ ಎರಡನೇ ಸಲ ಬಡಿಸಿಕೊಳ್ಳುವುದು ಇಲ್ಲಿ ನಿಮ್ಮ ಹಕ್ಕು. ಜೊತೆಗೆ ಕ್ಯಾಂಜಿನ್‌ನ ಚೀಸ್ ಕೇಳಿ. 1950ರ ದಶಕದಲ್ಲಿ ಸ್ವಿಸ್ ನೆರವಿನಿಂದ ಇಲ್ಲಿ ಚೀಸ್ ಘಟಕ ಶುರುವಾಯಿತು. ಯಾಕ್ ಮತ್ತು ಹಸುವಿನ ಮಿಶ್ರತಳಿಯಾದ ಚೌರಿಯ ಹಾಲು ಅದಕ್ಕೆ ಆಧಾರ. ಹಾಲು ಧಾರಾಳವಾಗಿ ಸಿಗುವುದು ಮೇಲಿನ ಹುಲ್ಲುಗಾವಲು ಹಸಿರಾಗಿರುವಾಗ. ಈಗ ತಿನ್ನುವುದು ಆಗ ಮಾಡಿಟ್ಟ ಗಟ್ಟಿ ಚಕ್ರಗಳಿಂದ ಕೊಯ್ದ ತುಂಡು. ಇದರ ಬಹುಪಾಲು ಮಾರಾಟವಾಗುವುದೂ ಕಠ್ಮಂಡುವಿನ ಅಂಗಡಿಗಳಲ್ಲಿಯೇ.

ಒಂದು ದಿನ ಇಲ್ಲಿ ಸುಮ್ಮನೆ ಕಳೆದು ಮೈ ಒಗ್ಗಿದ ಮೇಲೆ ಮೇಲೇರುವ ಯೋಚನೆ ಮಾಡಬೇಕು. 4,773 ಮೀಟರಿನ ಕ್ಯಾಂಜಿನ್ ರಿ, 4,984 ಮೀಟರಿನ ಸೆರ್ಕೋ ರಿ, ಎರಡಕ್ಕೂ ಹಗ್ಗ-ಕೊಡಲಿ ಬೇಡ. ಆದರೆ ಮೊಣಕಾಲು ಮುಳುಗುವ ಹಿಮವಿದ್ದರೆ ಸೆರ್ಕೋ ರಿ ಬಿಟ್ಟುಬಿಡುವುದು ಜಾಣತನ. ಕ್ಯಾಂಜಿನ್ ರಿಯ ಭುಜದಿಂದಲೇ ಲಿರುಂಗ್‌ನ ಹಿಮನದಿ ಕಾಲ ಬುಡದಲ್ಲಿ ಒಡೆದುಕೊಂಡು ಬಿದ್ದಿರುವುದು ಕಾಣುತ್ತದೆ.

ಹತ್ತಿರದಲ್ಲೇ ಯಾಲಾ ಹಿಮನದಿಯೂ ಇದೆ. 1970ರ ದಶಕದಲ್ಲಿ ಅಳತೆ ಶುರುವಾದಾಗಿನಿಂದ ಅದು ಶೇ 66ರಷ್ಟು ಕುಗ್ಗಿದೆ, 784 ಮೀಟರ್ ಹಿಂದೆ ಸರಿದಿದೆ. 2025ರ ಮೇ ತಿಂಗಳಲ್ಲಿ ವಿಜ್ಞಾನಿಗಳು, ಊರಿನವರು, ಬೌದ್ಧ ಭಿಕ್ಷುಗಳು ಸೇರಿ ಅದಕ್ಕೆ ಅಂತ್ಯಸಂಸ್ಕಾರದಂಥ ವಿಧಿ ನಡೆಸಿ ಸ್ಮರಣ ಫಲಕ ಇಟ್ಟರು. ನಡೆಸಿದವರಲ್ಲಿ ಮುಂಚೂಣಿಯಲ್ಲಿದ್ದ ‘ಇಸಿಮೋಡ್’ ಸಂಸ್ಥೆಯ ಕಚೇರಿ ಇರುವುದು ಕಠ್ಮಂಡುವಿನ ಮಗ್ಗುಲಿನ ಲಲಿತಪುರದಲ್ಲಿ. ಇಡೀ ಹಿಂದೂಕುಶ್-ಹಿಮಾಲಯದ ಹಿಮದ ಲೆಕ್ಕ ಇಡುವ ಸಂಸ್ಥೆ ಅದು.

ಹೊಗೆಯ ಬೋಗುಣಿ

ಬೆಟ್ಟ ಇಳಿದು ವಾಪಸ್ಸು ಬರುವಾಗ ಕೊನೆಯ ದಿಬ್ಬ ದಾಟಿದ ಕೂಡಲೇ ಕಠ್ಮಂಡು ಕಣಿವೆ ಕಂದು ಹೊಗೆಯಲ್ಲಿ ಅದ್ದಿದಂತೆ ಕಾಣುತ್ತದೆ. ಮೇಲೆ ಆಕಾಶ ತೊಳೆದಿಟ್ಟ ಅದೇ ಚಳಿಗಾಲ ಕೆಳಗೆ ಹೊಗೆ ಕೂಡಿಹಾಕಿದೆ. ಸುಮಾರು 1,400 ಮೀಟರ್ ಎತ್ತರದ ಈ ಕಣಿವೆ ಸುತ್ತ ಗುಡ್ಡಗಳಿರುವ ಬೋಗುಣಿ. ಚಳಿಗಾಲದ ರಾತ್ರಿ ನೆಲಕ್ಕಂಟಿದ ಗಾಳಿ ತಣ್ಣಗಾಗಿ ಕುಳಿತರೆ ಮೇಲಿನ ಬೆಚ್ಚಗಿನ ಗಾಳಿ ಮುಚ್ಚಳ ಹಾಕುತ್ತದೆ. ವಾಹನ, ಕಸದ ಬೆಂಕಿ, ಒಣ ಹಂಗಾಮಿನಲ್ಲೇ ಉರಿಯುವ ಇಟ್ಟಿಗೆ ಗೂಡುಗಳ ಹೊಗೆಗೆ ಹೊರಹೋಗಲು ದಾರಿಯಿಲ್ಲ. ಮಾಸ್ಕ್ ಬೆಟ್ಟಕ್ಕಿಂತ ಇಲ್ಲೇ ಹೆಚ್ಚು ಬೇಕು.

ಹಾಗೆಂದು ಹೋಟೆಲಿನಲ್ಲಿ ಕೂತರೆ ನಷ್ಟ ನಿಮ್ಮದೇ. ಬೆಳಗ್ಗೆ ಬೇಗ ಎದ್ದು ಅಸನ್ ಪೇಟೆಗೆ ನಡೆಯಿರಿ. ಆರು ಓಣಿಗಳು ಕೂಡುವ ಈ ಚೌಕ ಟಿಬೆಟ್ ವ್ಯಾಪಾರದ ಹಳೆಯ ಹಾದಿಯಲ್ಲಿದೆ. ಅನ್ನಪೂರ್ಣೆಯ ಗುಡಿಯ ಮುಂದೆ ಕಿತ್ತಳೆ ಹಣ್ಣಿನ ಗುಡ್ಡೆ, ಮೂಲಂಗಿ, ಒಣಮೀನು, ತಾಮ್ರದ ಹಂಡೆ, ಚೆಂಡುಹೂವಿನ ಮಾಲೆ. ಬೈಕುಗಳು ಹಾರ್ನ್ ಹೊಡೆಯುತ್ತ ಇದರ ನಡುವೆಯೇ ನುಗ್ಗುತ್ತವೆ. ಡಿಸೆಂಬರ್ ಹುಣ್ಣಿಮೆಯ ಯೋಮರಿ ಪುನ್ಹಿಗೆ ಕಣಿವೆಯ ಮೂಲನಿವಾಸಿಗಳಾದ ನೇವಾರರು ಹೊಸ ಅಕ್ಕಿಯ ಹಿಟ್ಟಿನಲ್ಲಿ ‘ಚಾಕು’ ಎಂಬ ಗಟ್ಟಿ ಬೆಲ್ಲದ ಪಾಕ ತುಂಬಿ ಯೋಮರಿ ಬೇಯಿಸುತ್ತಾರೆ. ಜನವರಿ ಮಧ್ಯದ ಮಾಘೆ ಸಂಕ್ರಾಂತಿಗೆ ಎಳ್ಳುಂಡೆ, ತುಪ್ಪ, ಬೇಯಿಸಿದ ಗೆಣಸು. ಸಂಕ್ರಾಂತಿಯ ದಿನ ಇಲ್ಲಿದ್ದರೆ ಎಳ್ಳು-ಬೆಲ್ಲ ತಪ್ಪಿತೆಂಬ ಚಿಂತೆಯಿಲ್ಲ.

ಅಸನ್‌ನಲ್ಲಿ ಒಂದು ವಸ್ತುವನ್ನು ಹುಡುಕಿ ನೋಡಿ: ನಾಮ್ಲೋ. ಹಣೆಗೆ ಸಿಕ್ಕಿಸಿ ಬೆನ್ನಿನ ಹೊರೆ ಹೊರುವ ನಾಲ್ಕು ಬೆರಳಗಲದ ಪಟ್ಟಿ. ಘೋಡಾ ತಬೇಲದ ಏರಿನಲ್ಲಿ ಗ್ಯಾಸ್ ಸಿಲಿಂಡರ್, ಅಕ್ಕಿಮೂಟೆ ಹೊತ್ತವನ ಹಣೆಯಲ್ಲಿ ಕಂಡ ಅದೇ ಪಟ್ಟಿ ಇಲ್ಲಿ ಫ್ರಿಜ್ ಹೊತ್ತು ಓಣಿ ಹಾಯುವವನ ಹಣೆಯಲ್ಲಿದೆ. ಕತ್ತು ಮುಂದೆ ಚಾಚಿ, ಕಣ್ಣು ನೆಲಕ್ಕಿಟ್ಟು, ಎರಡೂ ಕೈಯಿಂದ ಕಿವಿಯ ಪಕ್ಕದ ಹಗ್ಗ ಹಿಡಿದು ಅವನು ಬರುವಾಗ ಬೈಕುಗಳೂ ದಾರಿ ಬಿಡುತ್ತವೆ. ಇವರಲ್ಲಿ ಎಷ್ಟೋ ಮಂದಿ ಸುತ್ತಲಿನ ಬೆಟ್ಟಗಳ ತಮಾಂಗ್ ಜನಾಂಗದವರು. 1846ರಿಂದ 1951ರವರೆಗಿನ ರಾಣಾ ಮನೆತನದ ಆಳ್ವಿಕೆಯಲ್ಲಿ ತಮಾಂಗರಿಂದ ಬಿಟ್ಟಿ ದುಡಿಮೆ ಮಾಡಿಸಲಾಗುತ್ತಿತ್ತು. ರಸ್ತೆ ಬರುವ ಮೊದಲು ರಾಣಾಗಳ ಕಾರುಗಳನ್ನೂ ಕೂಲಿಗಳು ಹೆಗಲ ಮೇಲೆ ಹೊತ್ತು ಬೆಟ್ಟ ದಾಟಿಸಿ ಇಲ್ಲಿಗೆ ತಂದರು. ಭಾರತದ ನೆರವಿನಿಂದ ಆ ರಸ್ತೆ, ತ್ರಿಭುವನ ರಾಜಪಥ, ಆದದ್ದು 1950ರ ದಶಕದಲ್ಲಿ.

ನಗರದ ಮೈಮೇಲೂ ಗಾಯಗಳಿವೆ. 2015ರ ಭೂಕಂಪಕ್ಕೆ ಕುಸಿದ ಹಳೆಯ ಮರದ ಮಂಟಪ ಕಾಷ್ಠಮಂಡಪ ಮತ್ತೆ ಎದ್ದಿದೆ. ಧರಹರಾ ಗೋಪುರ ಹೊಸದಾಗಿ ನಿಂತಿದೆ. 2025ರ ಸೆಪ್ಟೆಂಬರಿನ ಯುವಜನರ ಬಂಡಾಯದಲ್ಲಿ ಸರ್ಕಾರದ ಆಡಳಿತ ಕೇಂದ್ರ ಸಿಂಹ ದರ್ಬಾರ್, ಸಂಸತ್ ಭವನ ಬೆಂಕಿಗೆ ಸಿಕ್ಕವು.

ನೀರೂ ಬೆಳಕೂ ಬೆಟ್ಟದ್ದು

ಕಠ್ಮಂಡುವಿನ ನಲ್ಲಿಗೆ ಬರುವ ನೀರಿನಲ್ಲಿ ಒಂದು ಪಾಲು ಲಾಂಗ್‌ಟಾಂಗ್‌ನ ಮಗ್ಗುಲಿನ ಹೆಲಂಬು ಬೆಟ್ಟದ ಮೇಲಂಚಿ ನದಿಯದ್ದು. 25 ಕಿಲೋಮೀಟರಿಗೂ ಉದ್ದದ ಸುರಂಗದಲ್ಲಿ ಅದು ನಗರಕ್ಕೆ ಬಂದದ್ದು 2021ರ ಮಾರ್ಚಿನಲ್ಲಿ. ಅದೇ ಜೂನಿನ ಪ್ರವಾಹ ಸುರಂಗಕ್ಕೆ ನೀರು ತಿರುಗಿಸುವ ಕಟ್ಟಡಗಳಿಗೆ ಹಾನಿ ಮಾಡಿತು. ಅಂದಿನಿಂದ ಮಳೆಗಾಲದಲ್ಲಿ ಸುರಂಗ ಮುಚ್ಚಿ, ಒಣ ಹಂಗಾಮಿನಲ್ಲಿ ತೆರೆಯುವ ಪದ್ಧತಿ. ವಿದ್ಯುತ್ತಿನ ಕಥೆಯೂ ನದಿಯದ್ದೇ. ನೇಪಾಳದ ಬೆಳಕೆಲ್ಲ ಹೆಚ್ಚುಕಡಿಮೆ ಜಲವಿದ್ಯುತ್. ಮಳೆಗಾಲದಲ್ಲಿ ಉಕ್ಕುವ ನದಿಗಳಿಂದ ಮಿಕ್ಕ ವಿದ್ಯುತ್ತನ್ನು ಭಾರತಕ್ಕೆ ಮಾರುತ್ತಾರೆ. ಚಳಿಗಾಲದಲ್ಲಿ ನದಿ ಸೊರಗಿದಾಗ ಭಾರತದಿಂದ ಕೊಳ್ಳುತ್ತಾರೆ. 2016ರವರೆಗೆ ಚಳಿಗಾಲ ಬಂತೆಂದರೆ ಕಠ್ಮಂಡುವಿನಲ್ಲಿ ದಿನಕ್ಕೆ ಹಲವು ಗಂಟೆ ಕತ್ತಲೆ. ಲಾಂಗ್‌ಟಾಂಗ್ ಖೋಲಾದ ದಂಡೆಯಲ್ಲಿ ನಡೆಯುವಾಗ ನೀರು ಬಂಡೆಗಳ ನಡುವೆ ಎಷ್ಟು ತೆಳ್ಳಗೆ ಹರಿಯುತ್ತಿತ್ತು ಎಂಬುದನ್ನು ಗಮನಿಸಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದ ಜಾಡು

ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕರಾವಳಿ, ಮಲೆನಾಡಿನ ಕಡೆಯವರು. ಅವರಿಗೆ ನೆರವಾಗುವ ಭಂಡಾರಿಗಳು ಸ್ಥಳೀಯರು. 2009ರ ಹೊತ್ತಿಗೆ ಮಾವೋವಾದಿ ಸರ್ಕಾರ ಭಟ್ಟರ ಜಾಗಕ್ಕೆ ನೇಪಾಳಿ ಅರ್ಚಕರನ್ನು ನೇಮಿಸಲು ಹೊರಟಾಗ ದೊಡ್ಡ ಗದ್ದಲವಾಗಿ, ಕೊನೆಗೆ ಹಳೆಯ ಪದ್ಧತಿಯೇ ಉಳಿಯಿತು. ಚಳಿಯ ಮುಂಜಾನೆ ಬಾಗಮತಿಯ ದಂಡೆಯಲ್ಲಿ, ಆರ್ಯಘಾಟಿನ ಚಿತೆಗಳ ಹೊಗೆಯ ನಡುವೆ ನಿಂತಾಗ ಪ್ರಾಕಾರದ ಕಡೆಯಿಂದ ನಮ್ಮ ಭಾಷೆಯ ಒಂದು ಮಾತು ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಡಿ.

ಇದಕ್ಕಿಂತ ಹಳೆಯ ನಂಟೂ ಇದೆ. 1097ರಲ್ಲಿ ಇಂದಿನ ನೇಪಾಳದ ತರಾಯಿಯ ಸಿಮ್ರೌನ್‌ಗಢದಲ್ಲಿ ರಾಜಧಾನಿ ಮಾಡಿಕೊಂಡು ಮಿಥಿಲೆಯನ್ನು ಆಳಿದ ನಾನ್ಯದೇವ ಕರ್ಣಾಟ ಕುಲದವನು. ಅವನ ವಂಶದ ಹರಿಸಿಂಹದೇವ 1320ರ ದಶಕದಲ್ಲಿ ತುಘಲಕ್ ದಾಳಿಗೆ ರಾಜಧಾನಿ ಬಿಟ್ಟು ಬೆಟ್ಟದ ಕಡೆ ಹೊರಟ. ಕಠ್ಮಂಡು ಕಣಿವೆಯನ್ನು ಆಳಿದ ಮಲ್ಲ ಅರಸರ ಕುಲದೇವತೆ ತಲೇಜು ಆ ಮನೆತನದ ಜೊತೆಗೇ ಇಲ್ಲಿಗೆ ಬಂದವಳು ಎಂಬುದು ಪರಂಪರೆಯ ಮಾತು. ಹನುಮಾನ್ ಢೋಕಾ ಅರಮನೆಯ ಪಕ್ಕದಲ್ಲಿ 1564ರಲ್ಲಿ ಕಟ್ಟಿದ ಅವಳ ಎತ್ತರದ ಗುಡಿಯ ಬಾಗಿಲು ಜನರಿಗೆ ತೆರೆಯುವುದು ವರ್ಷಕ್ಕೊಮ್ಮೆ, ದಸರೆಯ ನವಮಿಗೆ. ಇನ್ನು ಡಾ. ರಾಜ್‌ಕುಮಾರ್ ಅಭಿಮಾನಿಗಳಿಗೆ ಈ ಊರು ಹೊಸದಲ್ಲ. ದೊರೈ-ಭಗವಾನ್ ನಿರ್ದೇಶನದ ‘ಆಪರೇಷನ್ ಡೈಮಂಡ್ ರಾಕೆಟ್’ 1978ರಲ್ಲೇ ನೇಪಾಳವನ್ನು ನಮ್ಮ ಟೆಂಟ್ ಚಿತ್ರಮಂದಿರಗಳಿಗೆ ತಂದಿತ್ತು.

ಹೊರಡುವ ಮುನ್ನ

*ಕಾಲ:* ಡಿಸೆಂಬರ್ ಆರಂಭದಿಂದ ಜನವರಿ ಮಧ್ಯದವರೆಗೆ ಹಿಮ ಸಾಮಾನ್ಯವಾಗಿ ಕಡಿಮೆ. ಜನವರಿ ಕೊನೆ, ಫೆಬ್ರುವರಿಯಲ್ಲಿ ಪಶ್ಚಿಮದಿಂದ ಬರುವ ಮಾರುತಗಳು ಹಿಮ ತರುತ್ತವೆ. ಒಂದೆರಡು ದಿನ ಹೆಚ್ಚುವರಿ ಇಟ್ಟುಕೊಳ್ಳಿ. ಕ್ಯಾಂಜಿನ್‌ನಲ್ಲಿ ರಾತ್ರಿ ಉಷ್ಣತೆ ಸೊನ್ನೆಗಿಂತ ಹತ್ತು-ಹದಿನೈದು ಡಿಗ್ರಿ ಕೆಳಗೆ ಹೋಗಬಹುದು.

*ದಾಖಲೆ:* ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಬೇಕು. ರಾಷ್ಟ್ರೀಯ ಉದ್ಯಾನದ ಪ್ರವೇಶಕ್ಕೆ ಸಾರ್ಕ್ ದೇಶದವರಿಗೆ ರಿಯಾಯಿತಿ ದರವಿದೆ. ವಿದೇಶಿ ಚಾರಣಿಗರು ಮಾರ್ಗದರ್ಶಿಯನ್ನು ಕರೆದೊಯ್ಯಬೇಕೆಂಬ ನಿಯಮ 2023ರ ಏಪ್ರಿಲ್‌ನಿಂದ ಬಂದಿದೆ.

*ಹಣ, ಗಡಿಯಾರ:* ನಮ್ಮ ನೂರು ರೂಪಾಯಿಗೆ ಅಲ್ಲಿನ 160. ಗಡಿಯಾರ ಹದಿನೈದು ನಿಮಿಷ ಮುಂದೆ. ಬೆಟ್ಟದಲ್ಲಿ ಕಾರ್ಡ್ ನಡೆಯುವುದಿಲ್ಲ, ನಗದು ಇರಲಿ.

*ಆರೋಗ್ಯ:* 3,000 ಮೀಟರಿನ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ವೈದ್ಯರ ಸೂತ್ರ. ತಲೆನೋವಿನ ಜೊತೆ ವಾಂತಿ, ತೂಕಡಿಕೆ, ನಡಿಗೆಯಲ್ಲಿ ತೂರಾಟ ಕಂಡರೆ ತಡಮಾಡದೆ ಕೆಳಗಿಳಿಯುವುದೇ ಮದ್ದು. ಎತ್ತರದ ಬೇನೆಗೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಹೆಲಿಕಾಪ್ಟರ್ ರಕ್ಷಣೆ ಸೇರಿದ ವಿಮೆ ಮಾಡಿಸಿ.

*ಚೀಲದಲ್ಲಿ:* ಮೈನಸ್ ಹದಿನೈದಕ್ಕೆ ತಡೆಯುವ ಸ್ಲೀಪಿಂಗ್ ಬ್ಯಾಗ್, ಡೌನ್ ಜಾಕೆಟ್, ಮೈಕ್ರೋಸ್ಪೈಕ್, ತಂಪು ಕನ್ನಡಕ. ಮೊಬೈಲ್ ಮತ್ತು ಪವರ್ ಬ್ಯಾಂಕನ್ನು ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬ್ಯಾಟರಿ ಬೆಳಗ್ಗೆ ಸತ್ತಿರುತ್ತದೆ. ಠಮೇಲ್‌ನಲ್ಲಿ ದೊಡ್ಡ ಬ್ರಾಂಡುಗಳ ಲಾಂಛನ ಹೊತ್ತ ಅಗ್ಗದ ಜಾಕೆಟ್ ಸಿಗುತ್ತದೆ. ಹೊಲಿಗೆ, ಜಿಪ್ ನೋಡಿ ಕೊಳ್ಳಿ.

ಕೊನೆಯದಾಗಿ ಒಂದು ಸಲಹೆ. ಬೆಟ್ಟಕ್ಕೆ ಒಂದು ವಾರ ಇಟ್ಟರೆ ನಗರಕ್ಕೆ ಮೂರು ದಿನವಾದರೂ ಇಡಿ, ಅದನ್ನು ಬೆಟ್ಟ ಇಳಿದ ಮೇಲೆ ಇಡಿ. ಹೊಸ ಲಾಂಗ್‌ಟಾಂಗ್‌ನಲ್ಲಿ ಊರಿನ ಕುಟುಂಬವೊಂದು ನಡೆಸುವ ಲಾಡ್ಜಿನಲ್ಲಿ ಉಳಿಯಿರಿ, ಅಲ್ಲೇ ಉಣ್ಣಿರಿ, ದರಕ್ಕೆ ಚೌಕಾಸಿ ಮಾಡಬೇಡಿ. ಹೊರೆ ಹೊರುವವರನ್ನು ಕರೆದೊಯ್ದರೆ ಅವರಿಗೂ ನಿಮ್ಮಷ್ಟೇ ದಪ್ಪನೆಯ ಜಾಕೆಟ್, ಬೂಟು ಇದೆಯೇ ಎಂದು ಹೊರಡುವ ಮುನ್ನವೇ ನೋಡಿ. ಅಕ್ಟೋಬರಿನ ಪ್ರವಾಸಿಗರ ದುಡ್ಡು ಆ ಊರಿಗೆ ಹೇಗೂ ಬರುತ್ತದೆ. ಚಳಿಯಲ್ಲಿ ಹೋದ ಒಬ್ಬೊಬ್ಬರ ದುಡ್ಡೂ ಖಾಲಿ ತಿಂಗಳುಗಳಲ್ಲಿ ಕಠ್ಮಂಡುವಿನ ಒಂದು ಶಾಲೆಯ ಶುಲ್ಕಕ್ಕೆ ಒದಗುತ್ತದೆ.